ಶಿವಮೊಗ್ಗ, ಜೋಗ, ಆಗುಂಬೆ ಕಡೆ ಹೊರಟೋರು ಊಟಕ್ಕೆ ಏನ್ ಮಾಡ್ಬೇಕು

ಮಳೆಗಾಲದಲ್ಲಿ ಈ ಕಡೆ ಬರೋ ಪ್ಲಾನ್ ಇದ್ರೆ ರೂಮ್ ನೋಡೋ ಮೊದ್ಲು ಊಟದ ಲೆಕ್ಕ ಹಾಕ್ಕೊಳ್ಳಿ. ಮಲೆನಾಡಿನ ಒಳ್ಳೆ ಅಡುಗೆ ಹೋಟ್ಲು ಬೋರ್ಡಲ್ಲಿ ಸಿಗೋದು ಕಮ್ಮಿ, ಮನೆಯೋರಿಗೆ ಮುಂಚೇನೇ ಹೇಳಿಟ್ರೆ ಸಿಗತ್ತೆ.

ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದೋರು ತಿಂಡಿ ಶಿವಮೊಗ್ಗದಲ್ಲೇ ಮುಗಿಸಿ. ಬಿ.ಎಚ್. ರೋಡಲ್ಲಿ ಮೀನಾಕ್ಷಿ ಭವನ ಇದೆ, ಹಳೇ ಹೋಟ್ಲು, ದೋಸೆ ತಿನ್ನಿ. ಬೇಗ ತಿಂದು ಹೊರಟ್ರೆ ತೀರ್ಥಹಳ್ಳಿ ರೋಡಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ಸಕ್ರೆಬೈಲಲ್ಲಿ ಆನೆ ಸ್ನಾನಾನೂ ನೋಡಬಹುದು, ಅದು ಬೆಳಗ್ಗೆ ಮಾತ್ರ.

ನಿಜವಾದ ಊಟ ಅಂದ್ರೆ ಸಾಗರದ ಕಡೆ. ಅಡಿಕೆ ತೋಟದ ಮಧ್ಯ ಇರೋ ಹವ್ಯಕ ಬ್ರಾಹ್ಮಣರ ಹೋಂಸ್ಟೇ ಒಂದ್ರಲ್ಲಿ ಉಳಿದಿದ್ವಿ, ಹಿಂದಿನ ದಿನಾನೇ ಫೋನ್ ಮಾಡಿ "ನೀವು ಮನೇಲಿ ಏನ್ ಮಾಡ್ತೀರೋ ಅದೇ ಸಾಕು, ಪನೀರ್ ಗಿನೀರ್ ಬೇಡ" ಅಂತ ಹೇಳಿದ್ವಿ, ನೀವೂ ಹಾಗೇ ಹೇಳಿ. ಬಾಳೆ ಎಲೆ ಮೇಲೆ ಒಂದೆಲಗದ ತಂಬುಳಿ (ಸೊಪ್ಪು ಅರೆದು ಮಜ್ಜಿಗೆಗೆ ಹಾಕಿದ್ದು), ಕೆಸುವಿನ ಎಲೆಯ ಪತ್ರೊಡೆ, ಕಳಲೆ ಅಂದ್ರೆ ಎಳೆ ಬಿದಿರಿನ ಪಲ್ಯ, ಆಮೇಲೆ ಅಪ್ಪೆಹುಳಿ. ಉಪ್ಪುನೀರಲ್ಲಿ ಇಟ್ಟಿದ್ದ ಅಪ್ಪೆಮಿಡಿ, ಅಂದ್ರೆ ಘಮ ಇರೋ ಎಳೆ ಮಾವಿನಕಾಯಿ, ಕಿವುಚಿ ನೀರು ಬೆರೆಸಿ, ಮೇಲೆ ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಅಷ್ಟೇ, ಆದ್ರೆ ಆ ಮಿಡಿಯ ಘಮ ಕೈ ತೊಳೆದ್ರೂ ಹೋಗಲ್ಲ. ಅನ್ನಕ್ಕೆ ಕಲಸಿಕೊಳ್ಳಿ, ಉಳಿದಿದ್ದು ಲೋಟಕ್ಕೆ ಹಾಕಿಸ್ಕೊಂಡು ಕುಡೀರಿ. ಒಂದು ಮಾತು, ದಾರೀಲಿ ಕಳಲೆ ಮಾರ್ತಿದ್ರೆ ತಗೊಂಡು ಹಾಗೇ ಬೇಯಿಸೋಕೆ ಹೋಗ್ಬೇಡಿ. ಹೆಚ್ಚಿ ನೀರಲ್ಲಿ ನೆನೆಸಿ ದಿನಾ ನೀರು ಬದಲಾಯಿಸ್ತಾ ಎರಡು ಮೂರು ದಿನ ಬಿಟ್ರೇನೇ ಅದರ ವಿಷ ಹೋಗೋದು.

ಸಾಗರದಿಂದ ಜೋಗ ಸುಮಾರು ಮೂವತ್ತು ಕಿಲೋಮೀಟರ್. ಜಲಪಾತದ ಹತ್ರ ಜೋಳ, ಬಜ್ಜಿ, ಟೀ ಎಲ್ಲ ಸಿಗತ್ತೆ, ಆದ್ರೆ ರಜಾ ದಿನ ಊಟಕ್ಕೆ ಅದನ್ನೇ ನಂಬ್ಕೋಬೇಡಿ. ಸಾಗರದಲ್ಲೇ ಹೊಟ್ಟೆ ತುಂಬಿಸ್ಕೊಂಡು ಹೋಗಿ.

ನಾನ್‌ವೆಜ್ ತಿನ್ನೋರು ತೀರ್ಥಹಳ್ಳಿ ಕಡೆ ಗೌಡರ ಮನೆ ಅಡುಗೆ ಇರೋ ಹೋಂಸ್ಟೇ ಹುಡುಕಿ, ಅಕ್ಕಿ ಕಡುಬು, ಕೋಳಿಸಾರು ಕೇಳಿ. ಕಡುಬನ್ನ ಬಿಸಿ ಇದ್ದಾಗ್ಲೇ ಮುರಿದು ಸಾರಲ್ಲಿ ಅದ್ದಿ ತಿನ್ಬೇಕು, ಆರಿದ್ರೆ ಗಟ್ಟಿಯಾಗಿ ರುಚಿ ಹೋಗತ್ತೆ, ಅದಕ್ಕೆ ಎಷ್ಟೊತ್ತಿಗೆ ಬರ್ತೀವಿ ಅಂತ ಸರಿಯಾಗಿ ಹೇಳಿ, ಹೇಳಿದ ಟೈಮಿಗೆ ಹೋಗಿ. ಆಗುಂಬೆ ಸಣ್ಣ ಊರು, ಸನ್‌ಸೆಟ್ ಪಾಯಿಂಟಿಗೆ ಹೋಗಿ ಬಂದು ರಾತ್ರಿ ಊಟ ಹುಡುಕ್ತೀವಿ ಅಂದ್ರೆ ಕಷ್ಟ, ನೆಟ್‌ವರ್ಕೂ ಎಲ್ಲಾ ಕಡೆ ಸಿಗಲ್ಲ, ಮಧ್ಯಾಹ್ನವೇ ಹೇಳಿಬಿಡಿ. ಶೃಂಗೇರಿಗೆ ಹೋದ್ರೆ ಮಠದ ಪ್ರಸಾದ ಬಿಡ್ಬೇಡಿ, ಮಧ್ಯಾಹ್ನದ ಹೊತ್ತಿಗೆ ತಲುಪೋ ಹಾಗೆ ಹೊರಡಿ.

ವಾಪಸ್ ಬರುವಾಗ ಸಾಗರ ಪೇಟೇಲಿ ಮಿಡಿ ಉಪ್ಪಿನಕಾಯಿ, ತೊಡದೇವು ಅನ್ನೋ ಸಿಹಿತಿಂಡಿ ತಗೊಳ್ಳಿ. ಕಬ್ಬಿನ ಹಾಲಲ್ಲಿ ಅಕ್ಕಿ ಹಿಟ್ಟು ಕದಡಿ, ಬೋರಲು ಹಾಕಿದ ಬಿಸಿ ಮಡಕೆ ಮೇಲೆ ಬಟ್ಟೇಲಿ ಸವರಿ ಕಾಗದದ ಹಾಗೆ ಎಬ್ಬಿಸ್ತಾರೆ ತೊಡದೇವನ್ನ. ಬಸ್ಸಲ್ಲಿ ಲಗೇಜ್ ಡಿಕ್ಕಿಗೆ ಹಾಕಿದ್ರೆ ಪುಡಿ ಆಗತ್ತೆ, ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡ್ಕೊಂಡು ಬನ್ನಿ.