ಕೆಂಪಾದ ಸೂಳೆಕೆರೆ

ರಾತ್ರಿಯೆಲ್ಲ ಜೋರು ಮಳೆ. ಬೆಳಿಗ್ಗೆ ಚನ್ನಗಿರಿಯ ಕಡೆ ಹೋದವನು ಸೂಳೆಕೆರೆಯ ಏರಿಯ ಮೇಲೆ ನಿಂತುಬಿಟ್ಟೆ. ಹಳ್ಳದ ನೀರು ಸೇರುವ ಕಡೆಯೆಲ್ಲ ಕೆಂಪು. ಹೊಸ ನೀರು ಬಂತೆಂದು ಮೊದಲು ಖುಷಿಯಾಯಿತು. ಆಮೇಲೆ ಹೊಳೆಯಿತು: ಅದು ನಮ್ಮ ಮೆಕ್ಕೆಜೋಳದ ಹೊಲಗಳ ಮೇಲ್ಮಣ್ಣು.

ಗುಡ್ಡದ ಮರ ಕಡಿದು, ಇಳಿಜಾರಿನ ಉದ್ದಕ್ಕೇ ಉಳುಮೆ ಮಾಡಿದರೆ ಮಣ್ಣನ್ನು ಹಿಡಿದಿಡುವವರು ಯಾರು? ಆ ಮಣ್ಣು ಬರಿಗೈಯಲ್ಲಿ ಹೋಗುವುದಿಲ್ಲ. ನಾವು ಸುರಿದ ಗೊಬ್ಬರದ ರಂಜಕ ಅದರ ಕಣಕಣಕ್ಕೂ ಅಂಟಿಕೊಂಡಿರುತ್ತದೆ. ಕೆರೆಯಲ್ಲಿ ಅದನ್ನೇ ಉಂಡು ಪಾಚಿ ಹಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಉಸಿರುಗಟ್ಟುತ್ತದೆ. ಊರಿನ ಚರಂಡಿ ನೀರೂ ಸೇರಿದರೆ ಕೇಳುವುದೇ ಬೇಡ. ಚಿತ್ರದುರ್ಗದವರು ಕುಡಿಯುವುದೂ ಇದೇ ಕೆರೆಯ ನೀರನ್ನು ಎಂಬುದು ನೆನಪಾಗಿ ಎದೆ ಭಾರವಾಯಿತು.

ನಮ್ಮಜ್ಜ ಬೇಸಿಗೆ ಬಂದರೆ ಊರಿನ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ತಂದು ಹೊಲಕ್ಕೆ ಹರಡುತ್ತಿದ್ದರು. ಹೋದ ಮಣ್ಣು ಮನೆಗೆ ಮರಳುತ್ತಿತ್ತು.

ನಮ್ಮ ಹೊಲದ ಬದುವೂ ಎರಡು ಕಡೆ ಒಡೆದಿದೆ. ಭಾನುವಾರ ಅಣ್ಣನೊಂದಿಗೆ ಹೋಗಿ ಕಟ್ಟುತ್ತೇನೆ.