ಮೂಗಿನಲ್ಲಿ ಸಿಕ್ಕ ವೈರಸ್ಸೇ ಕಾಯಿಲೆಗೆ ಕಾರಣವೇ?

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಉಸಿರಾಟದ ಸೋಂಕು ತರುವ ಎಚ್‌ಎಂಪಿವಿ ಪತ್ತೆಯಾದಾಗ ಹೊಸ ಪಿಡುಗೊಂದು ಊರಿಗೆ ಕಾಲಿಟ್ಟಿತೆಂಬ ಗಾಬರಿ ಹಬ್ಬಿತು. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಆ ವೈರಸ್ಸನ್ನು 2001ರಲ್ಲೇ ಗುರುತಿಸಿದ್ದರು. 1950ರ ದಶಕದಿಂದ ಕಾಪಿಟ್ಟಿದ್ದ ರಕ್ತದ ಮಾದರಿಗಳಲ್ಲೂ ಅದರ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದವು. ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ತಗುಲಿರುತ್ತದೆ. ಹುಡುಕಿದ್ದರಿಂದ ಅದು ಕಂಡಿತು, ಅಷ್ಟೆ.

ಹುಡುಕುವ ಕೆಲಸ ಮಾತ್ರ ಸುಲಭದ್ದಲ್ಲ. ತಾಯಿ ಕೂಸಿನ ತಲೆಯನ್ನು ಅಲುಗದಂತೆ ಹಿಡಿದಿರುವಾಗ, ತೆಳ್ಳನೆಯ ಸ್ವಾಬ್ ಕಡ್ಡಿಯನ್ನು ಮೂಗಿನಲ್ಲಿ ಮೇಲ್ಮುಖವಾಗಿ ಚುಚ್ಚದೆ, ನೇರ ಹಿಂದಕ್ಕೆ, ಗಂಟಲಿನ ಮೇಲ್ಭಾಗ ತಾಕುವವರೆಗೆ ತಳ್ಳಿ, ನಿಧಾನವಾಗಿ ತಿರುಗಿಸಿ ತೆಗೆಯಬೇಕು. ಅದನ್ನು ವೈರಸ್ ಕೆಡದಂತೆ ಕಾಪಿಡುವ ವಿಟಿಎಂ ದ್ರವದಲ್ಲಿ ಅದ್ದಿ ತಂಪಿನಲ್ಲೇ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಅಲ್ಲಿ ಮಲ್ಟಿಪ್ಲೆಕ್ಸ್ ಪಿಸಿಆರ್ ಎಂಬ ಪರೀಕ್ಷೆ ಒಂದೇ ಸಲಕ್ಕೆ ಹತ್ತಾರು ವೈರಸ್‌ಗಳನ್ನು ಅರಸುತ್ತದೆ, ಎಷ್ಟೋ ಸಲ ಎರಡು ಮೂರು ಹೆಸರುಗಳನ್ನು ಒಟ್ಟಿಗೇ ಹೇಳುತ್ತದೆ.

ತೊಡಕು ಶುರುವಾಗುವುದೇ ಇಲ್ಲಿ. ಪಿಸಿಆರ್ ಗುರುತಿಸುವುದು ವೈರಸ್ಸಿನ ವಂಶವಾಹಿ ತುಣುಕನ್ನು; ಈಗಿನ ಉಬ್ಬಸಕ್ಕೆ ಅದೇ ಕಾರಣವೆಂದು ಅದು ಹೇಳಲಾರದು. 160ಕ್ಕೂ ಹೆಚ್ಚು ಬಗೆಗಳಿರುವ, ನೆಗಡಿ ತರುವ ರೈನೋವೈರಸ್ ಆರೋಗ್ಯವಾಗಿ ಆಡಿಕೊಂಡಿರುವ ಮಕ್ಕಳ ಮೂಗಿನಲ್ಲೂ ಧಾರಾಳವಾಗಿ ಸಿಗುತ್ತದೆ. ಬೋಕಾವೈರಸ್ಸಿನ ಕುರುಹು ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದಲೇ ಏಳು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಪರ್ಚ್’ ಅಧ್ಯಯನವು ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಮಕ್ಕಳನ್ನು ಅದೇ ಊರಿನ, ನ್ಯುಮೋನಿಯಾ ಇಲ್ಲದ ಇತರ ಮಕ್ಕಳೊಂದಿಗೆ ಹೋಲಿಸಿತು. ಆರ್‌ಎಸ್‌ವಿ ಎಂಬ ಶ್ವಾಸಕೋಶದ ವೈರಸ್ ಆ ಇತರ ಮಕ್ಕಳಲ್ಲಿ ವಿರಳವಾಗಿತ್ತು. ತೀವ್ರ ನ್ಯುಮೋನಿಯಾದ ಸುಮಾರು ಮೂರನೆಯ ಒಂದು ಭಾಗಕ್ಕೆ ಅದೇ ಕಾರಣವೆಂದು ಅಂದಾಜಾಯಿತು.

ವೈರಸ್ಸಿನ ಉಪಬಗೆ ಯಾವುದೆಂದು ತಿಳಿಯುವ ವಿಚಾರ ಬೇರೆ. ಆರ್‌ಎಸ್‌ವಿ ‘ಎ’ ಆಗಿರಲಿ ‘ಬಿ’ ಆಗಿರಲಿ, ಮಗುವಿಗೆ ಕೊಡುವ ಆಮ್ಲಜನಕ, ದ್ರವಾಹಾರಗಳಲ್ಲಿ ವ್ಯತ್ಯಾಸವಿಲ್ಲ. ಅಡಿನೋವೈರಸ್ಸಿನಲ್ಲಿ ಹಾಗಲ್ಲ, 7ನೆಯ ಬಗೆಯು ಕಠಿಣ ನ್ಯುಮೋನಿಯಾಕ್ಕೆ ಕುಖ್ಯಾತವಾಗಿದೆ. 2023ರಲ್ಲಿ ಪಶ್ಚಿಮ ಬಂಗಾಳದ ಮಕ್ಕಳನ್ನು ಕಾಡಿದ್ದು 7 ಮತ್ತು 3ನೆಯ ಬಗೆಗಳು ಬೆರೆತ ತಳಿಯೆಂಬುದು ವಂಶವಾಹಿ ಅನುಕ್ರಮವನ್ನು ಓದಿದ್ದರಿಂದಲೇ ತಿಳಿಯಿತು.

ಹೀಗಿರುವಾಗ, ಸಾಧಾರಣ ನೆಗಡಿಗೂ ಹತ್ತಾರು ವೈರಸ್‌ಗಳನ್ನು ಹುಡುಕುವ ಸಾವಿರಾರು ರೂಪಾಯಿಯ ಪರೀಕ್ಷಾ ಪ್ಯಾನೆಲ್ ಬರೆಸಿಕೊಳ್ಳುವುದು ನನಗೆ ದುಂದಾಗಿ ಕಾಣುತ್ತದೆ. ವಾರ್ಡಿನಲ್ಲಿ ಯಾವ ಮಗುವನ್ನು ಪ್ರತ್ಯೇಕವಾಗಿರಿಸಬೇಕು, ಇನ್‌ಫ್ಲುಯೆಂಜಾಕ್ಕೆ ಓಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧ ಆರಂಭಿಸಬೇಕೇ, ಅನಗತ್ಯ ಆಂಟಿಬಯಾಟಿಕ್ ನಿಲ್ಲಿಸಬಹುದೇ ಎಂಬ ಪ್ರಶ್ನೆಗಳು ಎದುರಾದಾಗ ಮಾತ್ರ ಆ ಹಣ ಸಾರ್ಥಕ.