ಹಳೇ ಯೆಜ್ಡಿಗೆ ಪಿಕಪ್ ಇಲ್ವಾ? ಮೊದಲು ಎಂಜಿನ್ ಎಲ್ಲಿಂದಾದ್ರೂ ಗಾಳಿ ಎಳೀತಿದೆಯಾ ನೋಡಿ

ನಮ್ಮ ಅಪ್ಪನ ಯೆಜ್ಡಿ ಬೈಕು ಈ ಬೇಸಿಗೆಯಲ್ಲಿ ಯಾಕೋ ಸರಿ ಇರಲಿಲ್ಲ. ಬೆಳಿಗ್ಗೆ ಆರಾಮಾಗಿ ಸ್ಟಾರ್ಟ್ ಆಗುತ್ತಿತ್ತು. ದಾವಣಗೆರೆ ಬಿಟ್ಟು ಆನಗೋಡು ಮುಟ್ಟುವಷ್ಟರಲ್ಲಿ ಎಂಜಿನ್ ಕಾದು ಪಿಕಪ್ ಸತ್ತುಹೋಗುತ್ತಿತ್ತು. ಇನ್ನೊಂದು ವಿಚಿತ್ರ ಅಂದ್ರೆ, ಎಕ್ಸಲೇಟರ್ ಪೂರ್ತಿ ಬಿಟ್ಟರೂ ಎಂಜಿನ್ ಸದ್ದು ಇಳಿಯುತ್ತಿರಲಿಲ್ಲ. ಸುಮಾರು ಹೊತ್ತು ಹಾಗೇ ಕೂಗುತ್ತಿತ್ತು.

ಕೇಳಿದವರೆಲ್ಲ ಕಾರ್ಬೊರೇಟರ್ ಅಂದರು. ಒಬ್ಬ ಮೆಕ್ಯಾನಿಕ್ ನೋಡಿದ ಕೂಡಲೇ ಬೋರ್ ಮಾಡಿಸಿ ಅಂದ. ನನಗೆ ಒಪ್ಪಿಗೆ ಆಗಲಿಲ್ಲ. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿದೆ. ಈ ಗಾಡಿಯ ಸಿಲಿಂಡರನ್ನು ಸುಮ್ನೆ ಕೊರೆಸೋಕೆ ಮನಸ್ಸು ಬರಲ್ಲ.

ಸುಲಭದ ಕೆಲಸ ಮೊದಲು ಮುಗಿಸಿದೆ. ಟ್ಯಾಂಕಿನ ಹಳೇ ಪೆಟ್ರೋಲ್ ಚೆಲ್ಲಿದೆ. ಈಗಿನ ಇ20 ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ, ಅದು ತೇವ ಎಳೆದುಕೊಳ್ಳುತ್ತೆ. ಹೊಸದಕ್ಕೆ ಲೀಟರಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಿದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ಸಿನ ಗ್ಯಾಪ್ 0.4 ಎಂಎಂ, ಸರಿಯಾಗೇ ಇತ್ತು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದೆ, ತೂತು ಚೊಕ್ಕಟವಾಗಿತ್ತು.

ಆದರೆ ಪ್ಲಗ್ ಬೆಳ್ಳಗಿತ್ತು. ಕಾಫಿ ಬಣ್ಣ ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದ ಹಾಗೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆದರೆ ಪ್ಲಗ್ ಹೀಗಾಗುತ್ತೆ. ಅಲ್ಲಿಗೆ ನನಗೆ ಅನುಮಾನ ಗಟ್ಟಿಯಾಯಿತು. ಎಲ್ಲಿಂದಲೋ ಗಾಳಿ ಎಳೀತಿದೆ.

ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಗೂಡು, ಅಂದ್ರೆ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತೆ. ಕೆಳಗೆ ಬಂದಾಗ ಅದನ್ನೇ ಸಿಲಿಂಡರಿಗೆ ತಳ್ಳುತ್ತೆ. ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿನ ಎರಡು ತುದಿಯಲ್ಲಿರುವ ಸೀಲ್ (ರಬ್ಬರ್ ಬಳೆ) ಸವೆದರೆ ಬರೀ ಗಾಳಿ ನುಗ್ಗುತ್ತೆ. ಪೆಟ್ರೋಲ್ ಪಾಲು ಕಡಿಮೆಯಾಗಿ ಎಂಜಿನ್ ಕಾಯುತ್ತೆ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಇಂಥ ಗಾಡಿಗೆ ದೊಡ್ಡ ಜೆಟ್ ಹಾಕಿ ಓಡಿಸೋರು ರೋಗ ಮುಚ್ಚಿಡ್ತಾರೆ, ಅಷ್ಟೇ.

ಪರೀಕ್ಷೆಗೆ ಹಳೇ ಟ್ಯೂಬ್ ಕತ್ತರಿಸಿ, ಇನ್‌ಟೇಕ್ ಬಾಯಿ ಮತ್ತು ಎರಡೂ ಸೈಲೆನ್ಸರ್ ಬಾಯಿ ಬಿಗಿಯಾಗಿ ಮುಚ್ಚಿದೆ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡಲ್ವಾ. ಪಿಸ್ಟನ್ನನ್ನು ಪೂರ್ತಿ ಕೆಳಗೆ ತಂದೆ. ಹಾಗಿದ್ದಾಗ ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ದಾರಿ ತೆರೆದಿರುತ್ತೆ. ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ ಸೈಕಲ್ ಪಂಪಿನಿಂದ 6 ಪಿಎಸ್‌ಐ ತುಂಬಿದೆ. ಅದಕ್ಕಿಂತ ಜಾಸ್ತಿ ಹಾಕಬೇಡಿ, ಒಳ್ಳೇ ಸೀಲೂ ಹಾಳಾಗಬಹುದು. ಗೇಜಿನ ಮುಳ್ಳು ಕಣ್ಣೆದುರೇ ಇಳಿಯತೊಡಗಿತು. ಬಲಗಡೆ ಕವರ್ ತೆಗೆದು, ಡೈನಮೋ ಬಿಚ್ಚಿ, ಸೀಲ್ ಸುತ್ತ ಸೋಪಿನ ನೀರು ಸವರಿದೆ. ಶಾಫ್ಟ್ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಸೀಲ್ ಕೈಗೆ ಬಂದಾಗ ಅದರ ತುಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಉಗುರಲ್ಲಿ ಒತ್ತಿದರೆ ಮಣಿಯಲಿಲ್ಲ.

ಹೊಸ ಸೀಲಿಗೆ ಯೆಜ್ಡಿ ಪಾರ್ಟ್ಸ್ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಸೀಲಿನ ಮೇಲೇ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಎಲ್ಲ ಎಂಎಂನಲ್ಲಿ ಬರೆದಿರುತ್ತೆ. ಅದನ್ನು ಬೇರಿಂಗ್ ಅಂಗಡಿಯಲ್ಲಿ ತೋರಿಸಿ, ವೈಟಾನ್ ರಬ್ಬರಿನದು ಕೇಳಿ. ಎಥನಾಲಿಗೂ ಬಿಸಿಗೂ ಅದು ಚೆನ್ನಾಗಿ ತಡೆಯುತ್ತೆ.

ಸೀಲ್ ಹಾಕಿದ ಮೇಲೆ ಭರಮಸಾಗರದವರೆಗೆ ಬಿಸಿಲಲ್ಲೇ ಓಡಿಸಿದೆ. ಎಕ್ಸಲೇಟರ್ ಬಿಟ್ಟ ಕೂಡಲೇ ಸದ್ದು ಇಳಿಯಿತು. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ. ಅಪ್ಪ ಹಿಂದೆ ಕೂತು, ಈಗ ಸರಿ ಹೋಯ್ತು ನೋಡು ಅಂದರು. ನನಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಎಡಗಡೆ ಸೀಲ್ ಹೋದರೆ ಲಕ್ಷಣವೇ ಬೇರೆ. ಅಲ್ಲಿ ಕ್ಲಚ್ ಕಡೆಯ ಗೇರ್ ಆಯಿಲ್ ಒಳಗೆ ಎಳೆದು ಹೊಗೆ ದಟ್ಟವಾಗುತ್ತೆ. ಆಯಿಲ್ ಸುಮ್ನೆ ಕಡಿಮೆಯಾಗ್ತಾ ಹೋಗುತ್ತೆ, ಕೆಳಗೆ ಒಂದು ಹನಿಯೂ ಸೋರಿರಲ್ಲ. ನಮ್ಮದರಲ್ಲಿ ಲೆವೆಲ್ ಸರಿ ಇದೆ. ಆದರೂ ಅದು ಈಗ ತೆಗೆದ ಹಳೇ ಸೀಲಿನ ವಯಸ್ಸಿನದೇ, ಮಳೆಗಾಲಕ್ಕೆ ಮುಂಚೆ ಅದನ್ನೂ ಬದಲಿಸ್ತೀನಿ.